ಮಾಳಿಗೆಯ ಮೇಲಿನ ಬದುಗಳು

ಈ ವರ್ಷದ ಮೊದಲ ದೊಡ್ಡ ಮಳೆಗೆ ಕೊಪ್ಪಳದ ನಮ್ಮ ಮನೆ ಸೋರಿತು. ಮಣ್ಣಿನ ಮನೆಯೇನಲ್ಲ, ಸಿಮೆಂಟು, ಕಬ್ಬಿಣ, ಮೇಲೊಂದು ನೀರಿನ ಟ್ಯಾಂಕು, ಎಲ್ಲ ಇರುವ ಮನೆ. ಪಡಸಾಲೆಯ ನಡುವೆ ಸ್ಟೀಲಿನ ಬೋಗುಣಿ ಇಟ್ಟು ಕುಳಿತೆ. ಟಣ್. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಣ್. ಕಟ್ಟಿದ ಕಾಂಟ್ರಾಕ್ಟರನಿಗೆ ಫೋನು ಮಾಡಿದರೆ, "ಸ್ಲ್ಯಾಬ್ ಹಾಕಿದವ ನಾನಲ್ರೀ ಟೀಚರ್, ಸೆಂಟ್ರಿಂಗಿನವನ್ನ ಕೇಳ್ರಿ" ಅಂದ. ಸೆಂಟ್ರಿಂಗಿನವ ಗಿಲಾವು ಮಾಡಿದವನ ಮೇಲೆ ಹಾಕಿದ, ಗಿಲಾವಿನವ ಉಸುಕಿನ ಮೇಲೆ ಹಾಕಿದ. ಹೊಸ ಮನೆಯ ಪ್ರಾರ್ಥನೆಯ ದಿನ ಇದೇ ಮೂವರೂ ಒಬ್ಬರನ್ನೊಬ್ಬರು ನೂಕಿಕೊಂಡು ಮುಂದೆ ಬಂದು, "ನಾನೇ ನಿಂತು ಕಟ್ಟಿದ್ರಿ" ಅಂತ ಶಾಲು ಹೊದಿಸಿಕೊಂಡಿದ್ದರು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಗುತ್ತ ನಗುತ್ತಲೇ ಆ ಟಣ್ ಅನ್ನುವ ಸದ್ದಿನ ಹಿಂದೆ ನಮ್ಮೂರ ಚರ್ಚು ಕೇಳಿಸತೊಡಗಿತು, ಅಲ್ಲಿ ಸೋರುತ್ತಿದ್ದ ಮಾಳಿಗೆ, ಕೆಳಗಿಟ್ಟ ತಾಟುಗಳು, ಅವುಗಳ ನಡುವೆ ಚಾಪೆ ಹಾಸಿ ಕುಳಿತ ನಮ್ಮ ಮಂದಿ. ಅವರಲ್ಲಿ ಬಹಳ ಜನ ಈಗಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಂದು ಸದ್ದು ಇರುತ್ತದೆ, ಕೇಳಿದೊಡನೆ ಸತ್ತವರೆಲ್ಲ ಎದ್ದು ಕೂಡುವಂಥದು. ನನ್ನದು ಇದು.

ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೋಗುವಾಗ ಮರಳಿಯ ಆಚೆ, ಕಾಲುವೆಯ ಕೆಳಗೆ ನಮ್ಮೂರು. ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ. ಭತ್ತ ನಮ್ಮದಲ್ಲ, ನಾಟಿ ಮಾತ್ರ ನಮ್ಮದು. ನಮ್ಮ ಓಣಿಯ ಮಂದಿಯೆಲ್ಲ ಒಂದೇ ಗುಂಪು ಕಟ್ಟಿಕೊಂಡು ಹೊರಗಿನವರ ಗದ್ದೆಗೆ ಕೂಲಿಗೆ ಹೋಗುವವರು, ಭಾನುವಾರ ಮಾತ್ರ ತೊಳೆದ ಬಟ್ಟೆ ಉಟ್ಟು ಚರ್ಚಿಗೆ ಬರುವವರು. ನಮ್ಮದು ಎರಡು ಖೋಲಿಯ ಮನೆ. ಹಿಂದಿನ ಖೋಲಿಯಲ್ಲಿ ಒಲೆ, ಮುಂದಿನದರಲ್ಲಿ ಮಿಕ್ಕಿದ್ದೆಲ್ಲ. ಅಪ್ಪನ ಅವ್ವ, ಅಂದರೆ ನಮ್ಮ ಆಯಿ ಮಾರ್ಥಮ್ಮ, ಆ ಮನೆಯ ಯಜಮಾನಿ. ದನಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಬೆಳಗ್ಗೆ ಅವಳು ರೊಟ್ಟಿ ಬಡಿಯುವ ಸದ್ದಿಗೆ ಓಣಿಯೇ ಏಳುತ್ತಿತ್ತು. ರೊಟ್ಟಿ ಬಡಿಯುತ್ತಲೇ ಪ್ರಾರ್ಥನೆ ಮಾಡುತ್ತಿದ್ದಳು. ನಡುವೆ ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಅದೇ ಉಸಿರಿನಲ್ಲಿ ಬೈದು, ಬಿಟ್ಟಲ್ಲಿಂದ ಪ್ರಾರ್ಥನೆ ಮುಂದುವರಿಸುತ್ತಿದ್ದಳು. ಸುಟ್ಟ ಜೋಳದ ಹಿಟ್ಟಿನ ವಾಸನೆಗೂ ಆಮೆನ್ ಅನ್ನುವ ಮಾತಿಗೂ ನನ್ನ ತಲೆಯಲ್ಲಿ ಈಗಲೂ ಗಂಟು ಬಿದ್ದಿದೆ.

ಆಯಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲವಂತೆ. ಬೇಡಿ ಬೇಡಿ ಹುಟ್ಟಿದ ಮಗನಿಗೆ ಸಾಮುವೇಲ ಅಂತ ಹೆಸರಿಟ್ಟಳು. ಬೈಬಲಿನಲ್ಲಿ ದೇವರು ಹೆಸರು ಹಿಡಿದು ಕೂಗಿದ ಹುಡುಗನ ಹೆಸರದು. ಆದರೆ ನಮ್ಮ ಅಪ್ಪನನ್ನು ಹೆಸರು ಹಿಡಿದು ಕೂಗಿದವರು ಯಾರು? ಗದ್ದೆಯಲ್ಲಿ ಅವನು "ಏ ಸ್ಯಾಮ್ಯಾ." ಅಂಗಡಿಯಲ್ಲಿ "ಮಾರ್ಥಮ್ಮನ ಮಗ." ರೈಸ್ ಮಿಲ್ಲಿನಲ್ಲಿ ಚೀಲ ಹೊರುವಾಗ ಹೆಸರೇ ಇಲ್ಲ, ಬರಿಯ "ಏ, ನಿನಗಽ." ಅಪ್ಪ ಇದಕ್ಕೆಲ್ಲ ಏನೂ ಅನ್ನುತ್ತಿರಲಿಲ್ಲ. ಅನ್ನದವರಿಗೆ ನೋವಿರುವುದಿಲ್ಲ ಅಂತ ನಾವು ತಿಳಿಯುತ್ತೇವೆ, ನೋಡಿ, ಅದು ತಪ್ಪು. ಅಪ್ಪನ ಎದೆಯಲ್ಲಿ ಒಂದೇ ಆಸೆ ಕೂತಿತ್ತು: ನಾಲ್ಕು ಮಂದಿಯ ಮುಂದೆ, ಒಮ್ಮೆಯಾದರೂ, ಅವನ ಪೂರ್ತಿ ಹೆಸರನ್ನು ಯಾರಾದರೂ ಮರ್ಯಾದೆಯಿಂದ ಹೇಳಬೇಕು. ಆ ಆಸೆಗೆ ದಾರಿ ತೆರೆದದ್ದು ಚರ್ಚಿನ ಮಾಳಿಗೆ.

ನಮ್ಮ ಚರ್ಚು ಮಣ್ಣಿನ ಮಾಳಿಗೆಯದು. ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ತೊಗರಿಕಟ್ಟಿಗೆ ಹಾಸಿ ಮಣ್ಣು ತುಂಬಿದ ಸಮತಟ್ಟಾದ ಸೂರು. ಎರಡು ತೊಲೆಗಳ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತಾರೆ. ಬಾಗಿಲಿನಿಂದ ವೇದಿಯವರೆಗೆ ನಮ್ಮ ಚರ್ಚು ಆರು ಅಂಕಣದ್ದು. ಇಂಥ ಮಾಳಿಗೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ, ನೀರು ಚಿಮುಕಿಸಿ, ತುಳಿದು, ಹಲಗೆಯಿಂದ ಬಡಿದು ಗಟ್ಟಿ ಮಾಡಬೇಕು. ಆ ಉಪ್ಪುಪ್ಪು ಮಣ್ಣು ಒಳಗೆ ನೀರು ಇಳಿಯಗೊಡುವುದಿಲ್ಲ. ಒಂದು ವರ್ಷ ಬಿಟ್ಟರೆ ಸೋರಿತು ಅಂತಲೇ ತಿಳಿಯಬೇಕು. ಮಣ್ಣು ತರುತ್ತಿದ್ದವನು ಪಕ್ಕದ ಓಣಿಯ ಹುಸೇನಸಾಬ. ಅವನ ಹೊಲದ ಅಂಚಿನಲ್ಲಿ ಏನು ಬಿತ್ತಿದರೂ ಬೆಳೆಯದ ಸವಳು ಭೂಮಿಯಿತ್ತು. "ನನಗ ಜೋಳ ಕೊಡಲಿಲ್ಲ, ನಿಮ್ಮ ದೇವ್ರಿಗೆ ಸೂರು ಕೊಡ್ತೈತಿ, ತಗೋರಿ" ಅನ್ನುತ್ತ ಎತ್ತಿನ ಗಾಡಿಯಲ್ಲಿ ತುಂಬಿ ತಂದು ಸುರುವುತ್ತಿದ್ದ.

ಮೊದಲೆಲ್ಲ ಎಲ್ಲರೂ ಕೂಡಿಯೇ ಮಣ್ಣು ಹಾಕುತ್ತಿದ್ದರು. ಕೂಡಿ ಮಾಡಿದ ಕೆಲಸ ಮುಗಿದ ಮೇಲೆ ಜಗಳ ಶುರುವಾಗುತ್ತಿತ್ತು. ನಾನು ಅಷ್ಟು ಬುಟ್ಟಿ ಹೊತ್ತೆ, ಅವನು ಬರೀ ನಿಂತು ನೋಡಿದ, ಊಟಕ್ಕೆ ಮಾತ್ರ ಮುಂದೆ ಬಂದ. ಇದನ್ನು ಕೇಳಿ ಕೇಳಿ ಬೇಸತ್ತ ಅಯ್ಯನವರು ಒಂದು ದಾರಿ ಹುಡುಕಿದರು. ಅಯ್ಯನವರು ಅಂದರೆ ನಮ್ಮ ಪಾಸ್ಟರು, ಬೀದರ್ ಕಡೆಯವರು, ಬಹಳ ಒಳ್ಳೆಯ ಮನುಷ್ಯ, ಆದರೆ ದನಿ ಮಾತ್ರ ಎರಡನೇ ಸಾಲಿಗೆ ಕೇಳಿಸಿದರೆ ಮೂರನೆಯದಕ್ಕೆ ಕೇಳಿಸದು. ಅವರು ಆರು ಅಂಕಣಗಳನ್ನೂ ಮನೆತನಗಳಿಗೆ ಹಂಚಿಬಿಟ್ಟರು. ನಿಮ್ಮ ನಿಮ್ಮ ಅಂಕಣ ನೀವು ನೋಡಿಕೊಳ್ಳಿರಿ. ಮಳೆಗಾಲ ಪೂರ್ತಿ ಯಾರ ಅಂಕಣ ಒಂದು ಹನಿಯೂ ಸೋರುವುದಿಲ್ಲವೋ ಅವರ ಹೆಸರನ್ನು ಸಭೆಯ ಮುಂದೆ ಹೇಳುತ್ತೇನೆ, ಸುಗ್ಗಿ ಹಬ್ಬದಲ್ಲಿ ಹೊಸ ಭತ್ತದ ತೆನೆ ಕಟ್ಟಿದ ಮೊದಲ ಸಿವುಡು ಹೊತ್ತು ವೇದಿಗೆ ಬರುವ ಮಾನ ಅವರದು. ಅಯ್ಯನವರು ಇಷ್ಟು ಹೇಳಿದ್ದೇ ತಡ, ಜಗಳವೆಲ್ಲ ಬಂದಾಗಿ ಹೋಯಿತು. ಮಂದಿ ಬೆಳಕು ಹರಿಯುವ ಮುನ್ನ ಏಣಿ ಹತ್ತತೊಡಗಿದರು. ಹುಸೇನಸಾಬ ಮಾತ್ರ ಗಾಡಿಯ ಮೇಲೆ ಕೂತು ಕಿಚಾಯಿಸುತ್ತಿದ್ದ, "ಮಣ್ಣು ನಂದು. ನಂದ್ಯಾವ ಅಂಕಣ್ರೀಪಾ?"

ನಮಗೆ ಬಂದದ್ದು ಐದನೆಯದು. ಅದರ ಮುಂದಿನದು, ಕೊನೆಯದು, ವೇದಿಯ ಮೇಲಿನ ಅಂಕಣ. ಅದು ಯೇಸಪ್ಪ ಕಾಕಾನದು. ಕಾಕಾ ಅಂದರೆ ರಕ್ತಸಂಬಂಧವೇನಲ್ಲ, ಓಣಿಯ ಸಂಬಂಧ. ಅವನು ಗದ್ದೆಗೆ ಹೋಗುವವನಲ್ಲ, ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಸಿಂಪಿಗ. ಅವನ ಹೆಂಡತಿ ರೂತಮ್ಮ ಕಾಕು ಮೆತ್ತಗಿನ ಹೆಂಗಸು. ಆ ವರ್ಷ ಅಪ್ಪ ತನ್ನ ಅಂಕಣದ ಮೇಲೆ ದುಡಿದದ್ದನ್ನು ನೋಡಬೇಕಿತ್ತು. ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಕೊಳೆಯಲು ಬಿಟ್ಟ, ತುಳಿದ, ಬಡಿದ, ಒಣಗಿ ಬಿರುಕು ಬಿಟ್ಟಲ್ಲಿ ಬೆರಳಿನಿಂದ ತುಂಬಿದ. ಕೂಲಿಯಿಂದ ಬಂದವನು ಮನೆಗೆ ಬರದೆ ನೇರ ಚರ್ಚಿನ ಏಣಿ ಹತ್ತುತ್ತಿದ್ದ. ಅವ್ವ ರೊಟ್ಟಿ ಕಟ್ಟಿಕೊಂಡು ಹೋಗಿ ಕೆಳಗಿನಿಂದ ಕೂಗಬೇಕಾಗುತ್ತಿತ್ತು. "ಈ ಮುತುವರ್ಜಿ ನಮ್ಮ ಮನಿ ಮಾಳಿಗಿಗೂ ಒಂದೀಟು ತೋರಸ್ರಿ" ಅಂತ ಅವಳು ಚುಚ್ಚಿದರೆ, ಅಪ್ಪ ಮೇಲಿಂದಲೇ ನಗುತ್ತಿದ್ದ.

ಅದೇ ಬೇಸಿಗೆಯಲ್ಲಿ ಅಪ್ಪನ ಒಬ್ಬಳೇ ತಂಗಿ, ನಮ್ಮ ಸಲೋಮಿ ಅತ್ತಿಯ ಮದುವೆ ಗೊತ್ತಾಗಿತ್ತು. ಗಂಡು ಗಿಣಿಗೇರಾದವನು, ಕಾರ್ಖಾನೆಯಲ್ಲಿ ಕೆಲಸ. ಅಯ್ಯನವರಿಗೆ ಬೇರೆ ಊರಿಗೆ ವರ್ಗವಾಗುವುದಿತ್ತು, ಅದಕ್ಕೆ ಮುಂಚೆ ಅವರ ಕೈಯಿಂದಲೇ ಮದುವೆಯಾಗಬೇಕು ಅಂತ ಆಯಿಯ ಹಟ. ಹಾಗಾಗಿ ದಿನ ಬಿದ್ದದ್ದು ಮಿರ್ಗಾ, ಅಂದರೆ ಮೃಗಶಿರಾ ಮಳೆ ಕೂಡುವ ಹೊತ್ತಿಗೆ. ಮಳೆ ಬಂದರೇನು, ಚರ್ಚಿನೊಳಗೇ ತಾನೇ, ಅಂದುಕೊಂಡರು ಎಲ್ಲರೂ.

ಮದುವೆಗೆ ವಾರ ಮುಂಚಿನ ಭಾನುವಾರ ರೋಹಿಣಿ ಮಳೆ ಒಂದು ಹೊಡೆತ ಹೊಡೆಯಿತು. ಆರಾಧನೆ ನಡೆದಿತ್ತು. ಅಯ್ಯನವರು ವೇದಿಯ ಬಳಿ ನಿಂತು ಓದುತ್ತಿದ್ದಾಗ ಅವರ ಮುಂದಿನ ಮೇಜಿನ ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಧಾರೆಯೇ ಹಿಡಿಯಿತು. ಅಯ್ಯನವರು ಪವಿತ್ರ ಗ್ರಂಥವನ್ನು ಎದೆಗೆ ಅವಚಿಕೊಂಡು ಐದನೇ ಅಂಕಣಕ್ಕೆ, ನಮ್ಮ ಅಂಕಣದ ಕೆಳಗೆ ಓಡಿ ಬಂದರು. ಅಲ್ಲಿ ನೆಲ ಒಣಗಿ ಬಣಬಣ ಅನ್ನುತ್ತಿತ್ತು. ಎಲ್ಲರ ಕಣ್ಣೂ ಯೇಸಪ್ಪ ಕಾಕಾನ ಕಡೆ ಹೊರಳಿತು. "ಮೂರು ಸಲ ಮಣ್ಣು ಹಾಕೀನ್ರೀ, ಸುಳ್ಳ ಹೇಳಂಗಿಲ್ಲ" ಅಂತ ಅವನು ಎದ್ದು ನಿಂತ. ಹಿಂದಿನಿಂದ ಯಾರೋ, "ಸಿಂಪಿಗ ನೋಡ್ರಿ, ಅಂಗಿಗೆ ಹಾಕಿದಂಗ ಮಾಳಿಗಿಗೂ ತ್ಯಾಪಿ ಹಾಕ್ಯಾನ" ಅಂದರು. ಚರ್ಚು ತುಂಬ ನಗು. ಅಪ್ಪನೂ ನಕ್ಕ. ರೂತಮ್ಮ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ತಾಟು ತಂದು ಮೇಜಿನ ಮೇಲಿಟ್ಟಳು. ನಗು ನಿಂತ ಮೇಲೆ ಅಯ್ಯನವರು ಮೇಲೆ ನೋಡಿ, ತಮ್ಮ ಸಣ್ಣ ದನಿಯಲ್ಲಿ ಅಂದರು: "ಸಾಮುವೇಲಪ್ಪನವರ ಅಂಕಣ ನೋಡಿರಿ. ಒಂದು ಹನಿ ಇಲ್ಲ. ಈ ಸಲ ಸಿವುಡು ಅವರದೇ ಅಂತ ಕಾಣುತ್ತದೆ."

ಸಾಮುವೇಲಪ್ಪನವರು! ಅಪ್ಪನ ಕಿವಿ ಕೆಂಪಾದವು. ಆದರೆ ಅಯ್ಯನವರ ದನಿ ಗೊತ್ತಲ್ಲ, ಕೇಳಿಸಿದ್ದು ಮುಂದಿನ ಎರಡು ಸಾಲಿಗಷ್ಟೆ. ಅಪ್ಪನಿಗೆ ಅದು ಸಾಲಲಿಲ್ಲ. ಸುಗ್ಗಿ ಹಬ್ಬದಲ್ಲಿ ಮೈಕ್ ಇರುತ್ತದೆ, ಸುತ್ತಲ ಊರವರು ಬಂದಿರುತ್ತಾರೆ, ಆಗ ಹೊಸದಾಗಿ ಬರುವ ಅಯ್ಯನವರು ಹೇಳುವುದೇ ಹೇಳುವುದು. ಮನೆಗೆ ಬಂದು ಊಟಕ್ಕೆ ಕೂತಾಗ, "ಅಯ್ಯನವರು ಏನಂದ್ರು, ನೀ ಕೇಳಿದೇನು?" ಅಂತ ಅವ್ವನನ್ನು ಕೇಳಿದ. ಅವ್ವ ಹೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. "ಯಪ್ಪಾ, ಊಟಾ ಮಾಡ್ರಿ, ಸಾರು ಆರತೈತಿ" ಅಂದಳು ಅವ್ವ. ಆಯಿ ಮಾತ್ರ ತುತ್ತು ಎತ್ತಿರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಸಿವುಡಲ್ಲ. ಇನ್ನೊಂದು ವಾರಕ್ಕೆ ಅದೇ ವೇದಿಯ ಮುಂದೆ, ಅದೇ ಸೋರುವ ಅಂಕಣದ ಕೆಳಗೆ, ಅವಳ ಮಗಳು ಮೊಣಕಾಲೂರಬೇಕಿತ್ತು.

ಮರುದಿನ ಮುಂಜಾನೆ ಆಯಿ ಸೀರೆ ಮೇಲೆತ್ತಿ ಕಟ್ಟಿಕೊಂಡು ಏಣಿ ಹತ್ತಿದಳು. ಆ ವಯಸ್ಸಿನಲ್ಲಿ! ನಾವು ಮಕ್ಕಳೆಲ್ಲ ಕೆಳಗೆ ಬಾಯಿ ಬಿಟ್ಟುಕೊಂಡು ನಿಂತೆವು. ಮೇಲೆ ಹೋದವಳು ಈ ಕೊನೆಯಿಂದ ಆ ಕೊನೆಯವರೆಗೆ ನಡೆದು ನೋಡಿದಳು. ಆಮೇಲೆ ಓಣಿಯೆಲ್ಲ ಕೇಳುವಂತೆ ಕೂಗಿದಳು. "ಏ ಸಾಮುವೇಲಾ! ಬಾ ಇಲ್ಲಿ! ಇದೇನು ಚರ್ಚಿನ ಮಾಳಿಗ್ಯೋ, ಕಾಲುವಿ ಕೆಳಗಿನ ಗದ್ದಿಯೋ?"

ಅಪ್ಪ ಹತ್ತಿದ, ಅವನ ಹಿಂದೆ ನಾವೂ ಹತ್ತಿದೆವು. ಆಯಿ ಅಂದದ್ದು ಸುಳ್ಳಾಗಿರಲಿಲ್ಲ. ಜನ್ಮವಿಡೀ ಗದ್ದೆಯಲ್ಲಿ ಬದು ಹಾಕಿದ ಕೈಗಳು ಮಾಳಿಗೆಯ ಮೇಲೂ ಬದು ಹಾಕಿದ್ದವು. ಅಂಕಣ ಅಂಕಣಕ್ಕೂ ಗೇಣೆತ್ತರದ ಮಣ್ಣಿನ ಬದು, ಮೇಲಿನವರ ನೀರು ತಮ್ಮದಕ್ಕೆ ಬರಬಾರದು ಅಂತ. ತಮ್ಮ ನೀರು ಹೊರಗೆ ಹೋಗಲು ಮೂಲೆಯಲ್ಲೊಂದು ಗಂಡಿ, ಗದ್ದೆಯಿಂದ ಗದ್ದೆಗೆ ನೀರು ಬಿಡುವಂಥದೇ. ಮಾಳಿಗೆಯ ನೀರು ಹೊರಬೀಳುವ ತಗಡಿನ ದೋಣಿಗಳಿದ್ದದ್ದು ಹಿಂದಿನ ಗೋಡೆಗೆ, ಯೇಸಪ್ಪ ಕಾಕಾನ ಅಂಕಣದ ಆಚೆ. ಮೊದಲು ಮಳೆನೀರು ಮಾಳಿಗೆಯ ತುಂಬ ತೆಳ್ಳಗೆ ಹರಡಿ, ಯಾರಿಗೂ ನೋವಾಗದಂತೆ ಇಳಿದು ಹೋಗುತ್ತಿತ್ತು. ಈಗ ಐದೂ ಅಂಕಣದ ನೀರು ಒಂದು ಗಂಡಿಯಿಂದ ಇನ್ನೊಂದಕ್ಕೆ ಸೇರಿ, ಕೊನೆಗೆ ಅಪ್ಪ ಮಾಡಿದ ಗಂಡಿಯಿಂದ ಒಮ್ಮೆಲೇ ಯೇಸಪ್ಪ ಕಾಕಾನ ಅಂಕಣಕ್ಕೆ ಬಿದ್ದು ಅಲ್ಲಿ ತಗ್ಗು ತೋಡಿತ್ತು. ಸಿಂಪಿಗನಿಗೆ ಬದುವಿನ ವಿಷಯ ಏನು ಗೊತ್ತು! ಮಣ್ಣು ಹಾಕಿದ್ದಾನೆ, ತೊಳೆದು ಹೋಗಿದೆ, ಮತ್ತೆ ಹಾಕಿದ್ದಾನೆ. ಅಪ್ಪನ ಬದು ಎಲ್ಲರದಕ್ಕಿಂತ ಎತ್ತರ, ಎಲ್ಲರದಕ್ಕಿಂತ ಚಂದ. ಅದರ ಮೇಲೆ ಅವನ ಬೆರಳಿನ ಗುರುತುಗಳು ಒಣಗಿ ಕೂತಿದ್ದವು.

"ನನ್ನ ಅಂಕಣ ನಾ ಕಾಯ್ಕೊಂಡೀನಿ. ಅದರಾಗ ತಪ್ಪೇನೈತಿ?" ಅಂದ ಅಪ್ಪ.

"ತಪ್ಪೇನಿಲ್ಲಪಾ" ಅಂದಳು ಆಯಿ. "ಮದುವಿ ದಿನ ನಿನ್ನ ತಂಗೀನ್ನ ನಿನ್ನ ಅಂಕಣದಾಗಽ ನಿಂದ್ರಸು. ಯೇಸುಸ್ವಾಮಿಗೂ ಹೇಳು, ಯಪ್ಪಾ, ವೇದಿ ಬ್ಯಾಡ, ಅಲ್ಲಿ ಸೋರತೈತಿ, ನಮ್ಮ ಅಂಕಣಕ್ಕ ಬಾ ಅಂತ."

ಅಪ್ಪ ಏಣಿ ಇಳಿದ. ಕೂಲಿಗೆ ಹೋದ. ಆಯಿ ಅಷ್ಟಕ್ಕೆ ಬಿಡುವವಳೇ? ನೇರ ಅಯ್ಯನವರ ಮನೆಗೆ ನಡೆದಳು. ಅಯ್ಯನವರು ಚಹಾ ಕುಡಿಯುತ್ತಿದ್ದರು. "ನೆಟ್ಟವ ಒಬ್ಬ, ನೀರು ಬಿಟ್ಟವ ಒಬ್ಬ, ಬೆಳೆಸಿದವ ದೇವ್ರು ಅಂತ ನೀವಽ ಹೇಳ್ತೀರಿ ಹೌದಿಲ್ಲೋ? ನಾವು ನಾಟಿ ಹಚ್ಚೋ ಮಂದಿ, ಅದು ನಮಗ ಛಲೋ ತಿಳಿತೈತಿ. ಮತ್ತ ಸೂರಿಗೆ ಯಾಕ್ರಿ ಹೆಸರು ಹಚ್ಚಿದ್ರಿ? ಸೂರು ಅಂದ ಮ್ಯಾಲೆ ಅದು ಒಂದಽ ಅಲ್ಲೇನ್ರಿ?" ಅಯ್ಯನವರು ಕಪ್ಪು ಕೆಳಗಿಟ್ಟರು. ಜಗಳ ನಿಲ್ಲಲಿ ಅಂತ ಮಾಡಿದೆನವ್ವಾ, ಅಂದರು. "ಜಗಳ ನಿಂತೈತ್ರಿ. ನೀರು ನಿಂತಿಲ್ಲ" ಅಂದಳು ಆಯಿ. ಅಯ್ಯನವರು ದೊಡ್ಡವರು, ನಾನು ಮಾಡಿದ್ದೇ ತಪ್ಪಾಯಿತು ಅಂತ ಒಪ್ಪಿಕೊಂಡರು. ಆದರೆ ಬದು ಒಡೆಯುವ ಮಾತು ಓಣಿಯಲ್ಲಿ ಹಬ್ಬುತ್ತಿದ್ದಂತೆ ಮಂದಿ ತಿರುಗಿಬಿದ್ದರು. ನಾವ್ಯಾಕೆ ನಮ್ಮ ಮಣ್ಣು ಕೆಡಿಸಿಕೊಳ್ಳಬೇಕು? ಮದುವೆ ಅವರದು, ಬೇಕಾದರೆ ಅವರು ಒಡೆಯಲಿ. ಎಲ್ಲರೂ ಅಪ್ಪನ ಕಡೆ ನೋಡುತ್ತಿದ್ದರು. ಅಪ್ಪ ಬದು ಒಡೆದರೆ, ಈಗ ಮೂಲೆಯ ಗಂಡಿ ಹಿಡಿದು ಹೋಗುತ್ತಿರುವ ಮೇಲಿನ ನಾಲ್ಕೂ ಅಂಕಣದ ನೀರು ಅವನ ಅಂಕಣದ ತುಂಬ ಹರಡುತ್ತದೆ. ಸೋರಿದರೆ ಸಿವುಡು ಹೋಯಿತು, ಹೆಸರು ಹೋಯಿತು. ಸಿವುಡು ತನ್ನದೇ ಅಂತ ನಾಟಿಯ ಗುಂಪಿನಲ್ಲೆಲ್ಲ ಆಗಲೇ ಹೇಳಿಕೊಂಡು ಬಂದಿದ್ದ ಬೇರೆ.

ಸಂಜೆ ಕೂಲಿಯಿಂದ ಬಂದ ಅಪ್ಪ ಕೈಕಾಲು ತೊಳೆದುಕೊಂಡು, ಉಣ್ಣದೆ, ಯೇಸಪ್ಪ ಕಾಕಾನ ಮನೆಗೆ ಹೋದ. ನಾನು ಕಾಕಾನ ಮಗಳ ಜೊತೆ ಅಲ್ಲೇ ಕಟ್ಟೆಯ ಮೇಲೆ ಆಡುತ್ತಿದ್ದೆ. ಕಾಕಾ ಯಂತ್ರದ ಮುಂದೆ ಕೂತು ಸಲೋಮಿ ಅತ್ತಿಯ ಮದುವೆಯ ಬಿಳಿ ಕುಪ್ಪಸವನ್ನೇ ಹೊಲಿಯುತ್ತಿದ್ದ. ಅಪ್ಪ ಬಾಗಿಲಲ್ಲಿ ನಿಂತ. ಕಾಕಾ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಸಾಮುವೇಲಣ್ಣ, ನಿನ್ನೆ ಮಂದಿ ಮುಂದ ನನಗ ತ್ಯಾಪಿ ಸಿಂಪಿಗ ಅಂದ್ರು. ನೀನೂ ನಕ್ಕಿ" ಅಂದ, ತಲೆ ಎತ್ತದೆ.

"ನಕ್ಕೆ" ಅಂದ ಅಪ್ಪ.

ಯಂತ್ರ ನಿಂತಿತು. ಆಮೇಲೆ ಅಪ್ಪ, "ನಾಳೆ ಹೊತ್ತು ಮೂಡೋದ್ರಾಗ ಮಾಳಿಗಿಗೆ ಬಾ ತಮ್ಮಾ. ಮೊದಲು ನಂದು ಒಡಿಯೋಣು" ಅಂದ. ಕಾಕಾ ಕುಪ್ಪಸ ಮಡಚಿಟ್ಟು, ಒಳಗೆ ತಿರುಗಿ, "ಏ, ಅಣ್ಣಗ ಚಾ ಇಡು" ಅಂತ ಕೂಗಿದ. ಅಷ್ಟೇ. ನಮ್ಮ ಗಂಡಸರು ರಾಜಿಯಾಗುವಾಗ ಹೆಚ್ಚು ಮಾತು ಖರ್ಚು ಮಾಡುವವರಲ್ಲ.

ಮರುದಿನ ಅಪ್ಪ ಸಲಿಕೆ ಎತ್ತಿ ತನ್ನ ಬದುವಿಗೆ ಮೊದಲ ಏಟು ಹಾಕಿದ. ಮೊದಲು ಇವರಿಬ್ಬರೇ ಇದ್ದರು. ಆಮೇಲೆ ನಾಲ್ಕನೇ ಅಂಕಣದವರು ನಾಚಿಕೊಂಡು ಬಂದರು. ಬಿಸಿಲೇರುವ ಹೊತ್ತಿಗೆ ಓಣಿಯೇ ಮಾಳಿಗೆಯ ಮೇಲಿತ್ತು. ಹುಸೇನಸಾಬನ ಗಾಡಿಯ ಮೇಲೆ ಗಾಡಿ ಬಂತು. ಕೆಳಗಿನಿಂದ ಬುಟ್ಟಿ ಕೈಯಿಂದ ಕೈಗೆ ಏರಿತು. ಯಾವ ಬುಟ್ಟಿ ಯಾರದು, ಯಾವ ಅಂಕಣಕ್ಕೆ ಬಿತ್ತು ಅಂತ ನೋಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಬಾಗಿಲ ಕಡೆಯಿಂದ ವೇದಿಯ ಕಡೆಗೆ ಒಂದೇ ಇಳಿಜಾರು ಎಳೆದರು. ಹೆಂಗಸರು ಸಾಲಾಗಿ ನಿಂತು, ಒಬ್ಬರ ಸೊಂಟ ಒಬ್ಬರು ಹಿಡಿದು, ನಾಟಿಯ ಹಾಡಿನ ದಾಟಿಗೆ ಸ್ತೋತ್ರದ ಮಾತು ಹಚ್ಚಿ ಹಾಡುತ್ತ ತುಳಿದರು. ಅರಿಷಿಣ ಹಚ್ಚಿಸಿಕೊಂಡು ಮೂಲೆಯಲ್ಲಿ ಕೂತಿರಬೇಕಿದ್ದ ಸಲೋಮಿ ಅತ್ತಿ ತಡೆಯಲಾರದೆ ಏಣಿ ಹತ್ತಿ ಬಂದುಬಿಟ್ಟಳು. "ಮದುಮಗಳು ಮಣ್ಣು ತುಳಿತಾಳೇನ ಯವ್ವಾ!" ಅಂತ ಆಯಿ ಎದೆ ಬಡಿದುಕೊಂಡರೂ ಅವಳು ಕೇಳಲಿಲ್ಲ. ಹಳದಿ ಕಾಲು ಕೆಸರಿನಲ್ಲಿ ಮುಳುಗಿ ಏಳುತ್ತಿದ್ದದ್ದು, ಅವಳ ನಗು, ಒದ್ದೆ ಸವಳಿನ ಆ ಹುಳಿ ವಾಸನೆ, ಇವತ್ತಿಗೂ ನನ್ನ ಕಣ್ಣಿಗೆ ಮೂಗಿಗೆ ಹಾಗೇ ಇವೆ. ನನ್ನ ಜೀವನದಲ್ಲಿ ಅಷ್ಟು ಖುಷಿಯ ದುಡಿಮೆಯನ್ನು ನಾನು ಮತ್ತೆ ಕಂಡಿಲ್ಲ.

ಮದುವೆಯ ದಿನ ಮಧ್ಯಾಹ್ನಕ್ಕೇ ಕಾಲುವೆಯ ಆಚೆಯಿಂದ ಮೋಡ ಎದ್ದಿತು. ಗಿಣಿಗೇರಾದ ಬೀಗರು ಬಂದರು. ಚರ್ಚಿನ ಪಕ್ಕ ಊಟಕ್ಕೆಂದು ತಗಡಿನ ಚಪ್ಪರ ಹಾಕಿಸಿದ್ದರು, ಮೈಕ್ ತರಿಸಿದ್ದರು. ಮದುಮಗಳು ವೇದಿಯ ಮುಂದೆ ಬಂದು ನಿಲ್ಲುವುದಕ್ಕೂ ಮಿರ್ಗಾ ಮಳೆ ಒಡೆದು ಬೀಳುವುದಕ್ಕೂ ಸರಿಹೋಯಿತು. ಅಂಥ ಮಳೆ! ಕರೆಂಟು ಹೋಯಿತು, ಮೈಕ್ ಸತ್ತಿತು. ಯಾರ ಕಣ್ಣೂ ಮದುಮಕ್ಕಳ ಮೇಲಿರಲಿಲ್ಲ, ಎಲ್ಲ ಜಂತಿಯ ಮೇಲೆ. ಗಂಗಾವತಿಯಿಂದ ಬಂದಿದ್ದ ಫೋಟೋದವ ತೆಗೆದ ಒಂದು ಫೋಟೋ ನನ್ನ ಹತ್ತಿರ ಇನ್ನೂ ಇದೆ. ಅದರಲ್ಲಿ ಆಯಿ, ಅವ್ವ, ಕಾಕಾ, ಕಾಕು, ಬೀಗರು, ಕೊನೆಗೆ ಮದುಮಗಳೂ ಸಹ ಮುಖ ಮೇಲೆತ್ತಿ ನಿಂತಿದ್ದಾರೆ. ಉಂಗುರ ತೊಡಿಸುವ ಗಂಡೊಬ್ಬನೇ ಕೆಳಗೆ ನೋಡುತ್ತಿದ್ದಾನೆ, ಪಾಪ, ಅವನಿಗೆ ವಿಷಯ ಗೊತ್ತಿರಲಿಲ್ಲ. ಉಂಗುರ ಆಯಿತು, ಪ್ರಮಾಣ ಆಯಿತು, ಆಶೀರ್ವಾದ ಆಯಿತು. ಮಳೆ ಸುರಿಯುತ್ತಲೇ ಇತ್ತು. ಹಿಂದಿನ ಗೋಡೆಯ ದೋಣಿಗಳಿಂದ ನೀರು ಧೋ ಎಂದು ಹೊರಗೆ ಬೀಳುತ್ತಿತ್ತು. ಒಳಗೆ, ವೇದಿಯ ಮೇಲಾಗಲಿ, ಐದನೆಯದರಲ್ಲಾಗಲಿ, ಆರರಲ್ಲಿ ಯಾವ ಅಂಕಣದಲ್ಲೂ ಒಂದು ಹನಿ ಇಲ್ಲ. ಮೇಜಿನ ಮೇಲಿನ ಬಿಳಿ ಬಟ್ಟೆ ಬೆಳ್ಳಗೇ ಇತ್ತು.

ಆಗ ಅಯ್ಯನವರು ಸಭೆಯ ಕಡೆ ತಿರುಗಿ ನಿಂತರು. ಇದು ನಮ್ಮೂರಲ್ಲಿ ಅವರ ಕೊನೆಯ ಆರಾಧನೆ. ಈ ಸೂರಿನ ಕೆಳಗೆ ಈ ಸೂರಿಗೆ ದುಡಿದವರೆಲ್ಲರ ಹೆಸರು ಹೇಳಿ ದೇವರಿಗೆ ಸ್ತೋತ್ರ ಮಾಡುತ್ತೇನೆ ಅಂದರು. ಅಷ್ಟು ಮಾತು ಕೇಳಿಸಿತು. ಮುಂದೆ ತಗಡಿನ ಚಪ್ಪರದ ಮೇಲೆ ಮಳೆ ಎಂಥ ಅಬ್ಬರ ಮಾಡಿತೆಂದರೆ ಅವರ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಒಂದೊಂದೇ ಹೆಸರು, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು. ಮುಂದಿನ ಸಾಲಿಗೂ ಏನೂ ಕೇಳಿಸಲಿಲ್ಲ. ಅಪ್ಪ ಮುಂದಕ್ಕೆ ಬಾಗಿ, ಬಾಯಿ ಅರ್ಧ ತೆರೆದು, ಅಯ್ಯನವರ ತುಟಿಯನ್ನೇ ನೋಡುತ್ತಿದ್ದ. ಆ ಮುಖ ನೋಡಿ ನನಗೆ ಅಳು ಬಂತು. ಇಷ್ಟು ವರ್ಷ ಕಾದ ಹೆಸರು ಬಂದೇ ಬಂತು, ಅದನ್ನೂ ಮಳೆ ತಿಂದಿತಲ್ಲ ಅನ್ನಿಸಿತು. ಆಮೆನ್ ಆದ ಮೇಲೆ ಅಪ್ಪ ಆಯಿಯ ಕಡೆ ವಾಲಿ, ಕಿವಿಯಲ್ಲಿ ಕೂಗಿ ಕೇಳಿದ.

"ಯವ್ವಾ, ನನ್ನ ಹೆಸರು ತಗೊಂಡ್ರೇನು?"

"ಯಾರಿಗ್ಗೊತ್ತಪಾ!" ಆಯಿಯೂ ಕೂಗಿದಳು. "ಕೇಳಬೇಕಾದಾತ ಕೇಳ್ಯಾನ, ಬಿಡು!"

ಅಪ್ಪ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅವನನ್ನು ನೋಡಿ ಯೇಸಪ್ಪ ಕಾಕಾ ನಕ್ಕ, ಕಾಕು ನಕ್ಕಳು, ಯಾಕೆಂದು ಗೊತ್ತಿಲ್ಲದ ಬೀಗರೂ ನಕ್ಕರು. ಹುಸೇನಸಾಬ ಬಾಗಿಲಲ್ಲಿ ನಿಂತು ಧೋತರದ ನೀರು ಹಿಂಡುತ್ತ, "ನಂದೂ ತಗೊಂಡ್ರೇನ್ರೀ?" ಅಂತ ಕೂಗಿದ. ಅಯ್ಯನವರು ಜೋರಾಗಿ ತಲೆಯಾಡಿಸಿದರು. ಅಷ್ಟರಲ್ಲಿ ಹೆಂಗಸರು ಹಾಡು ಎತ್ತಿದರು, ಮಾಳಿಗೆ ತುಳಿದ ಅದೇ ಹಾಡು. ಈ ಸಲ ಮಳೆಯೇ ಸೋತಿತು. ನಮ್ಮ ಹಾಡು ಮರಳಿಯವರೆಗೆ ಕೇಳಿಸಿತ್ತಂತೆ, ಹಾಗಂತ ನಮ್ಮವರು ಹೇಳಿಕೊಳ್ಳುತ್ತಿದ್ದರು, ನಾನೂ ನಂಬಿದ್ದೇನೆ. ಆ ವರ್ಷದ ಸುಗ್ಗಿ ಹಬ್ಬಕ್ಕೆ ಮನೆಗೊಂದು ಹಿಡಿ ತೆನೆ ತಂದು ಒಂದೇ ಸಿವುಡು ಕಟ್ಟಿದರು. ಹೊತ್ತವಳು ರೂತಮ್ಮ ಕಾಕು. ಹೊರಿಸಿದವನು ಅಪ್ಪ.

ಈಗ ಆ ಮಾಳಿಗೆ ಇಲ್ಲ. ಆಯಿ ಹೋದಳು. ಹುಸೇನಸಾಬ ಹೋದ, ಅವನ ಸವಳು ಭೂಮಿಯಲ್ಲಿ ಈಗ ರೈಸ್ ಮಿಲ್ಲಿನ ಗೋದಾಮಿದೆ. ಯೇಸಪ್ಪ ಕಾಕಾನ ಯಂತ್ರ ತುಕ್ಕು ಹಿಡಿಯಿತು. ನಮ್ಮ ಎರಡು ಖೋಲಿಯ ಮನೆ ಇದ್ದಲ್ಲಿ ರಸ್ತೆ ಬಂದಿದೆ, ಅದರ ಮೇಲೆ ಭತ್ತ ಕೊಯ್ಯುವ ಮಷಿನ್ನುಗಳು ಓಡಾಡುತ್ತವೆ. ಅಪ್ಪನೂ ಹೋದ. ಅವನು ಹೋಗುವ ಮುಂಚಿನ ವರ್ಷ ಚರ್ಚನ್ನು ಕೆಡವಿ ಹೊಸದಾಗಿ ಕಟ್ಟಿಸಿದರು. ಕಾಂಕ್ರೀಟು, ಬಣ್ಣ, ಫ್ಯಾನು. ಪ್ರತಿಷ್ಠೆಯ ದಿನ ನಾನು ಕೊಪ್ಪಳದಿಂದ ಹೋಗಿದ್ದೆ. ಬಾಗಿಲ ಪಕ್ಕ ಒಂದು ಹೊಳೆಯುವ ಕಲ್ಲು ಹಚ್ಚಿದ್ದರು, ಅದರ ತುಂಬ ಹೆಸರುಗಳು, ಕಮಿಟಿಯವರದು, ದಾನಿಗಳದು, ಕಾಂಟ್ರಾಕ್ಟರನದು. ಮೇಲಿಂದ ಕೆಳಗೆ ಎರಡು ಸಲ ಓದಿದೆ. ಅಪ್ಪನದಿರಲಿಲ್ಲ. ಕಾಕಾನದೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಜನ್ಮವೆಲ್ಲ ಆ ಸೂರನ್ನು ತಲೆಯ ಮೇಲೆ ಹೊತ್ತವರು ಇವರು. ಈಗಲೇ ಹೋಗಿ ಕಮಿಟಿಯವರನ್ನು ಕೇಳುತ್ತೇನೆ ಅಂತ ಹೊರಟೆ. ಅಪ್ಪ ಕೋಲೂರಿಕೊಂಡು ಪಕ್ಕದಲ್ಲೇ ನಿಂತಿದ್ದ, ನನ್ನ ಕೈ ಹಿಡಿದು ನಿಲ್ಲಿಸಿದ.

"ಬಿಡವಾ. ನನ್ನ ಹೆಸರು ಹೇಳ್ಯಾರ, ಆ ಮಳ್ಯಾಗ" ಅಂದ. "ನಿಮಗ್ಯಾರಿಗೂ ಕೇಳಿಸಿಲ್ಲ, ಅಷ್ಟಽ."

ಇಷ್ಟು ಹೇಳಿ, ಚಪ್ಪಲಿ ಕಳಚಿಟ್ಟು, ಒಳಗೆ ಹೋದ.